ಛತ್ರದವನು ಮತ್ತು ಅವನ ಕೂಲಿ

(ಓದತಕ್ಕ ಭಾಗ: ಲೂಕನ ಸುವಾರ್ತೆ 10ನೆಯ ಅಧ್ಯಾಯ, 30ರಿಂದ 35ನೆಯ ವಚನಗಳು)

ಪ್ರಿಯ ಸಭೆಯವರೇ, ನಮ್ಮ ಕರ್ತನು ಹೇಳಿದ ಸಾಮ್ಯಗಳಲ್ಲಿ ಒಳ್ಳೇ ಸಮಾರ್ಯದವನ ಸಾಮ್ಯದಷ್ಟು ನಮ್ಮ ಜನರ ಬಾಯಲ್ಲಿ ರೂಢಿಯಾದದ್ದು ಮತ್ತೊಂದಿಲ್ಲ. ಆದಿತ್ಯವಾರದ ಶಾಲೆಯ ಮಗುವನ್ನು ಕೇಳಿದರೂ, ಯಾಜಕನು ನೋಡಿಯೂ ನೋಡದವನಂತೆ ಹೋದದ್ದನ್ನು, ಲೇವಿಯನು ಅವನ ಹಿಂದೆಯೇ ಹಾಗೆ ಮಾಡಿದ್ದನ್ನು, ಅನ್ಯನೆನಿಸಿಕೊಂಡ ಸಮಾರ್ಯದವನು ಮಾತ್ರ ಕನಿಕರಪಟ್ಟು ಗಾಯಗಳನ್ನು ಕಟ್ಟಿದ್ದನ್ನು ತಡೆಯಿಲ್ಲದೆ ಹೇಳುವದು. ಆದರೆ ಈ ಸಾಮ್ಯದಲ್ಲಿ ಇನ್ನೊಬ್ಬನು ಇದ್ದಾನೆ. ಅವನನ್ನು ಕುರಿತು ಪ್ರಸಂಗ ಮಾಡಿದವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ. ಅವನು ಛತ್ರದವನು.

ಸಮಾರ್ಯದವನು ಗಾಯಪಟ್ಟವನ ಬಳಿ ಇದ್ದದ್ದು ಒಂದು ರಾತ್ರಿ ಮಾತ್ರ. ಮರುದಿನ ಅವನು ತನ್ನ ದಾರಿ ಹಿಡಿದು ಹೋದನು. ಅರೆಜೀವವಾಗಿ ಬಿದ್ದವನ ಗಾಯವು ಒಂದೇ ರಾತ್ರಿಯಲ್ಲಿ ಮಾಯುವದುಂಟೇ? ಆಮೇಲಿನ ದಿನಗಳಲ್ಲಿ ಆ ಕಟ್ಟುಗಳನ್ನು ಬಿಚ್ಚಿ ತೊಳೆದು ತಿರುಗಿ ಕಟ್ಟಿದವರು ಯಾರು? ಜ್ವರವೇರಿದಾಗ ನೀರು ಕುಡಿಸಿದವರು ಯಾರು? ಏಳಲಾರದವನ ಮಲಮೂತ್ರ ತೆಗೆದವರು ಯಾರು? ನಡುರಾತ್ರಿಯಲ್ಲಿ ಕಳ್ಳರನ್ನು ಕನಸಿನಲ್ಲಿ ಕಂಡು ಚೀರಿಕೊಂಡಾಗ ದೀಪ ಹಿಡಿದು ಬಂದವರು ಯಾರು? ಛತ್ರದವನೂ ಅವನ ಮನೆಯವರೂ ಅಲ್ಲದೆ ಬೇರೆ ಯಾರು ಇದ್ದರು? ಇಂದು ನಾವು ದಾದಿಯೆಂದೂ ನರ್ಸಬಾಯಿಯೆಂದೂ ಸಿಸ್ಟರ್ ಎಂದೂ ಕರೆಯುವವರು, ರಕ್ತ ಪರೀಕ್ಷಿಸುವವರು, ಕ್ಷ-ಕಿರಣದ ಯಂತ್ರ ನಡಿಸುವವರು, 108ರ ಗಾಡಿಯಲ್ಲಿ ರೋಗಿಯ ಪಕ್ಕದಲ್ಲಿ ಕುಳಿತು ಬರುವವರು, ಇವರೆಲ್ಲರೂ ಆ ಛತ್ರದವನ ಸಂತತಿಯವರು. ನಮ್ಮ ಹಳ್ಳಿಯ ಸಭೆಗಳಿಂದ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸ ಕಲಿತು ಹೋಗಿರುವದರಿಂದ, ಅವರ ಸಂಗತಿಯು ನಮ್ಮ ಮನೆಯ ಸಂಗತಿಯೇ ಸರಿ.

ಈಗ ವಚನವನ್ನು ಸಾವಕಾಶವಾಗಿ ನೋಡಿರಿ. ಸಮಾರ್ಯದವನು ಹೊರಡುವಾಗ ಎರಡು ದಿನಾರಿಗಳನ್ನು ತೆಗೆದು ಛತ್ರದವನ ಕೈಯಲ್ಲಿ ಕೊಟ್ಟನು. ಒಂದು ದಿನಾರಿಯೆಂದರೆ ಆ ಕಾಲದಲ್ಲಿ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷೇ ತೋಟದ ಕೂಲಿಯವರ ಸಾಮ್ಯದಿಂದ ಇದು ನಮಗೆ ತಿಳಿದಿದೆ. ಅಂದರೆ ಎರಡು ದಿನದ ಕೂಲಿಯನ್ನು ಮುಂಗಡವಾಗಿ ಕೊಟ್ಟನು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟನು. ಅವನು ಛತ್ರದವನಿಗೆ, ಅಯ್ಯಾ, ಇದು ದೇವರು ಮೆಚ್ಚುವ ಕೆಲಸ, ಪುಣ್ಯ ಬರುವದು, ಹಣದ ಮಾತು ಯಾಕೆ ಎಂದು ಹೇಳಲಿಲ್ಲ. ತಾನು ಕನಿಕರಪಟ್ಟದ್ದಕ್ಕೆ ಬೆಲೆಯನ್ನು ತಾನೇ ತೆತ್ತನು. ತನ್ನ ಕನಿಕರದ ಸಾಲವನ್ನು ಇನ್ನೊಬ್ಬನ ಬೆನ್ನಿಗೆ ಹೊರಿಸಲಿಲ್ಲ.

ಇನ್ನೊಂದು ಸಂಗತಿಯೂ ಅದೇ ವಚನದಲ್ಲಿ ಉಂಟು. ಬಿದ್ದವನಿಗೆ ಸ್ಮೃತಿ ಸರಿಯಾಗಿರಲಿಲ್ಲ. ಛತ್ರದವನು ಅವನಿಗೆ ಗಂಜಿ ಕೊಟ್ಟನೋ ಇಲ್ಲವೋ, ಹಾಸಿಗೆ ಬದಲಿಸಿದನೋ ಇಲ್ಲವೋ, ಎರಡು ದಿನಾರಿಗಳನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲು ಮುಚ್ಚಿ ಮಲಗಿದನೋ, ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಆದರೆ ಸಮಾರ್ಯದವನು ತಿರುಗಿ ಬರುತ್ತೇನೆಂದು ಹೇಳಿ ಹೋದನು. ತಿರುಗಿ ಬರುವವನು ಲೆಕ್ಕ ಕೇಳುವನು. ಹೀಗೆ ಕೂಲಿಯೂ ಲೆಕ್ಕವೂ ಒಂದೇ ವಚನದೊಳಗೆ ಕೂಡಿವೆ. ಕೂಲಿ ಕೊಡದೆ ಲೆಕ್ಕ ಕೇಳುವ ಯಜಮಾನನೂ, ಕೂಲಿ ತೆಗೆದುಕೊಂಡು ಲೆಕ್ಕ ಕೊಡದ ಸೇವಕನೂ ಈ ವಚನವನ್ನು ಅರ್ಧಕ್ಕೆ ಹರಿದವರೇ.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ ನಮ್ಮ ಸೀಮೆಯಲ್ಲಿ ಎಲ್ಲಿದೆ ಎಂದು ಕೇಳುವವರಿಗೆ ನಾನು ಹುಬ್ಬಳ್ಳಿ-ಧಾರವಾಡದ ಬೈಪಾಸನ್ನು ತೋರಿಸುವೆನು. ಎರಡೂ ಕಡೆಯಿಂದ ಅಗಲವಾಗಿ ಬರುವ ಪುಣೆ-ಬೆಂಗಳೂರು ಹೆದ್ದಾರಿಯು ನಮ್ಮ ಈ ಜೋಡಿ ಊರುಗಳ ಬದಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ಬಹು ವರುಷಗಳ ವರೆಗೆ ಇಕ್ಕಟ್ಟಾಗಿಯೇ ಉಳಿಯಿತು. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ಗಾಡಿಯು ಇಟಿಗಟ್ಟಿಯ ಬಳಿಯಲ್ಲಿ ಟಿಪ್ಪರಿಗೆ ಹೊಡೆದು ಹತ್ತಕ್ಕೂ ಮಿಕ್ಕಿದ ಜನರು ಪ್ರಾಣಬಿಟ್ಟದ್ದನ್ನು ಯಾರು ಮರೆತಾರು? ಅಂಥ ಸ್ಥಳಕ್ಕೆ ಓಡಿಬರುವವರು 108ರ ಗಾಡಿಯವರು. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚವೆಂಬ ಹೆಸರಿನಿಂದ ಈ ಏರ್ಪಾಡು 2008ರ ನವೆಂಬರ 1ರಂದು ಆರಂಭವಾಯಿತು. ಗಾಡಿಗೆ ಒಬ್ಬ ಚಾಲಕನು, ಒಬ್ಬ ತುರ್ತು ಚಿಕಿತ್ಸೆಯ ತಂತ್ರಜ್ಞನು, ಇಬ್ಬರೇ. ರಕ್ತ ನಿಲ್ಲಿಸುವದು, ಉಸಿರು ಹಿಡಿಸುವದು, ಮುರಿದ ಕಾಲಿಗೆ ಪಟ್ಟಿ ಕಟ್ಟುವದು, ಒಮ್ಮೊಮ್ಮೆ ಓಡುವ ಗಾಡಿಯಲ್ಲಿಯೇ ಹೆರಿಗೆ ಮಾಡಿಸುವದು, ಇಷ್ಟೂ ಆ ಒಬ್ಬ ತಂತ್ರಜ್ಞನ ಕೈಯ ಮೇಲೆ.

ನಮ್ಮ ರಾಜ್ಯದಲ್ಲಿ ಸಮಾರ್ಯದವನ ಹೆಸರನ್ನೇ ಹೊತ್ತ ಒಂದು ಶಾಸನವಿದೆಯೆಂದು ಬಹು ಜನರಿಗೆ ತಿಳಿದಿರಲಿಕ್ಕಿಲ್ಲ. 2016ರಲ್ಲಿ ಶಾಸನಸಭೆಯು ಅದನ್ನು ಮಾಡಿತು, 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆಯಿತು. ದಾರಿಯಲ್ಲಿ ಬಿದ್ದವನನ್ನು ಎತ್ತಿ ದವಾಖಾನೆಗೆ ತಂದವನನ್ನು ಠಾಣೆಗೂ ಕೋರ್ಟಿಗೂ ಸುಮ್ಮನೆ ಅಲೆಸಬಾರದೆಂಬದು ಅದರ ಅಭಿಪ್ರಾಯ. ಒಳ್ಳೇದು. ಸಮಾರ್ಯದವನಿಗೆ ಶಾಸನವಾಯಿತು. ಛತ್ರದವನ ಗತಿಯೇನು?

108ರ ನೌಕರರು ಹನ್ನೆರಡು ತಾಸಿನ ಪಾಳಿಯನ್ನು ಕುರಿತು ಗೋಳಾಡಿದ್ದಾರೆ. ತಿಂಗಳುಗಟ್ಟಲೆ ಪಗಾರ ಬಂದಿಲ್ಲವೆಂದು 2024ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸುವೆವೆಂಬ ಎಚ್ಚರಿಕೆಯನ್ನೂ ಕೊಟ್ಟರು. ಅದಕ್ಕೂ ಮುಂಚೆ, 2023ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು ತಮ್ಮ ಕೆಲಸವನ್ನು ಖಾಯಂ ಮಾಡಬೇಕೆಂದು ಬೆಂಗಳೂರಿಗೆ ಹೋಗಿ ಧರಣಿ ಕುಳಿತರು. ರೋಗಿಯನ್ನು ಬಿಟ್ಟು ಬೀದಿಗೆ ಬರುವದು ಸರಿಯೇ ಎಂದು ನಮ್ಮಲ್ಲಿ ಹಿರಿಯರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಹೌದು; ಹಾಸಿಗೆಯಲ್ಲಿರುವ ರೋಗಿಯು ಅವರಿಗೆ ಸಾಲಗಾರನಲ್ಲವಲ್ಲ. ಆದರೆ ದುಡಿದವನ ಪಗಾರವನ್ನು ಮೂರು ತಿಂಗಳು ಹಿಡಿದವನೇ ಮೊದಲು ಕೆಲಸ ನಿಲ್ಲಿಸಿದವನೆಂದು ನಾನು ಎಣಿಸುತ್ತೇನೆ. ಹೊಲ ಕೊಯ್ದವರಿಗೆ ಕೊಡದೆ ಇಟ್ಟ ಕೂಲಿಯು ತಾನೇ ಕೂಗುತ್ತದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರೆದದ್ದು ಹೊಲಕ್ಕೆ ಮಾತ್ರ ಸಲ್ಲುವದೋ?

ನಮ್ಮ ಜನರಲ್ಲಿ ಸೇವೆ ಎಂಬ ಮಾತಿಗೆ ಬಹಳ ಮಾನವುಂಟು, ಇರಬೇಕು ಕೂಡ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಂದಿನಿಂದ ಈ ಮಾತು ನಮ್ಮ ಸಭೆಗಳಲ್ಲಿ ಬೆಳೆದಿದೆ. ಗದಗ-ಬೆಟಗೇರಿಯಲ್ಲಿ ಅವರು ಕಟ್ಟಿದ ದವಾಖಾನೆಯನ್ನು ಮುದುಕರು ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಆದರೆ ಒಳ್ಳೇ ಮಾತನ್ನು ಕೆಟ್ಟ ಕೆಲಸಕ್ಕೆ ಹಚ್ಚುವದು ಮನುಷ್ಯನ ಹಳೇ ಚಾಳಿ. ಸಂಬಳ ಕೇಳಿದವಳಿಗೆ, ಇದು ಸೇವೆಯಮ್ಮಾ ಎನ್ನುತ್ತಾರೆ. ರಜೆ ಕೇಳಿದರೆ, ಸೇವೆಗೆ ರಜೆಯುಂಟೇ ಎನ್ನುತ್ತಾರೆ. ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಕೊಡಿರೆಂದರೆ, ಹಿಂದಿನ ಕಾಲದ ಸಿಸ್ಟರುಗಳು ಒಬ್ಬರೇ ಮಾಡುತ್ತಿದ್ದರು ಎನ್ನುತ್ತಾರೆ. ಹಾಗೆ ಹೇಳುವವರು ಸಮಾರ್ಯದವನ ಕಡೆಯವರಲ್ಲ. ಸೇವೆಯನ್ನು ಮಾಡುವವನು ತನ್ನ ಬಾಯಿಂದ ಹೇಳಿದರೆ ಅದು ಸೇವೆ. ಮಾಡಿಸಿಕೊಳ್ಳುವವನು ಹೇಳಿದರೆ ಅದು ಬಿಟ್ಟಿ.

2011ರ ಕೊನೆಯಲ್ಲಿಯೂ ಮರುವರುಷವೂ ಮುಂಬಯಿ, ದಿಲ್ಲಿ, ಕೇರಳಗಳ ಖಾಸಗಿ ದವಾಖಾನೆಗಳ ದಾದಿಯರು ಬೀದಿಗೆ ಬಂದಾಗ, ಕರಾರು ಬರೆಸಿಕೊಂಡು ತಮ್ಮ ಮೂಲ ಸರ್ಟಿಫಿಕೇಟುಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ, ಬಿಟ್ಟು ಹೋಗಬೇಕೆಂದರೆ ಹಣ ಕಟ್ಟೆನ್ನುತ್ತಾರೆ ಎಂಬದು ಅವರ ದೊಡ್ಡ ದೂರಾಗಿತ್ತು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ತೆಗೆದು ಓದಿರಿ. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದೆಂಬ ಅಪ್ಪಣೆ ಅಲ್ಲಿದೆ. ಯಾಕಂದರೆ ಅದನ್ನು ಕಸಿದುಕೊಂಡವನು ಮನೆಯವರ ಹಿಟ್ಟನ್ನೇ ಕಸಿದುಕೊಂಡನು. ದಾದಿಗೆ ಅವಳ ಸರ್ಟಿಫಿಕೇಟೇ ಬೀಸುವ ಕಲ್ಲು. ಅದೇ ಅಧ್ಯಾಯದಲ್ಲಿ, ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕೆಂದೂ ಇದೆ. ಆ ದಾದಿಯರ ಸಂಗತಿಯು ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. 2016ರ ಜನವರಿ 29ರಂದು ಕೋರ್ಟು ಒಂದು ಸಮಿತಿಯನ್ನು ಮಾಡಿ ನೋಡಿರೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಸಮಿತಿಯು ಕೊಟ್ಟ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ದವಾಖಾನೆಯು ಸರಕಾರೀ ದಾದಿಯ ಸರಿಸಮ ಸಂಬಳ ಕೊಡಬೇಕು, 100ಕ್ಕಿಂತ ಹೆಚ್ಚಿದ್ದರೆ ನೂರಕ್ಕೆ 10ಕ್ಕಿಂತಲೂ, 50ರಿಂದ 100ರ ವರೆಗಿದ್ದರೆ ನೂರಕ್ಕೆ 25ಕ್ಕಿಂತಲೂ ಹೆಚ್ಚು ಕಡಿತ ಆಗಬಾರದು, 50ಕ್ಕಿಂತ ಕಡಿಮೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು. ಅದನ್ನು ಜಾರಿಗೆ ತರುವ ಹೊಣೆಯು ರಾಜ್ಯಗಳಿಗೆ ಬಿಡಲ್ಪಟ್ಟಿತು. ಶಿಫಾರಸಿನ ಕಾಗದವನ್ನು ಹಿಡಿದು ನಿಮ್ಮ ಮಗಳ ಪಗಾರದ ಚೀಟಿಯ ಪಕ್ಕದಲ್ಲಿಟ್ಟು ನೋಡಿದರೆ ಉಳಿದದ್ದು ನಿಮಗೇ ತಿಳಿಯುವದು.

ಸಂಬಳಕ್ಕಿಂತಲೂ ಭಾರವಾದ ಸಂಗತಿ ಇನ್ನೊಂದಿದೆ. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುತ್ತಿರುವದನ್ನು ಅವನ ಮಾವನಾದ ಇತ್ರೋನನು ಕಂಡನು. ಅಳಿಯನ ಶ್ರದ್ಧೆಯನ್ನು ಹೊಗಳಿ ಸುಮ್ಮನಾಗಲಿಲ್ಲ. ನೀನು ಮಾಡುವದು ಸರಿಯಲ್ಲ, ನೀನೂ ಬಳಲಿ ಹೋಗುವಿ, ಜನರೂ ಬಳಲಿ ಹೋಗುವರು ಎಂಬ ಅರ್ಥದಲ್ಲಿ ನೇರವಾಗಿ ಹೇಳಿದನು. ಇತ್ರೋನನ ಕಣ್ಣು ಮೋಶೆಯ ಮೇಲೆ ಮಾತ್ರವಲ್ಲ, ಸಾಲಿನಲ್ಲಿ ನಿಂತ ಜನರ ಮೇಲೆಯೂ ಇತ್ತು. ಒಬ್ಬನ ಮೇಲೆ ಹತ್ತು ಜನರ ಕೆಲಸ ಹೊರಿಸಿದರೆ ನಷ್ಟವು ಆ ಒಬ್ಬನಿಗೆ ಮಾತ್ರವೆಂದು ತಿಳಿಯುವದು ಮೂಢತನ.

ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗೆ ಒಬ್ಬ ದಾದಿ, ತೀವ್ರ ನಿಗಾ ಘಟಕದಲ್ಲಿ ಒಂದು ಹಾಸಿಗೆಗೆ ಒಬ್ಬಳು ಎಂಬದಾಗಿ ಸರಕಾರದ ಸಿಬ್ಬಂದಿ ತಪಾಸಣಾ ಘಟಕವು ಹಾಕಿಕೊಟ್ಟ ಅಳತೆಯುಂಟು. ಎಂಟು ತಾಸಿನ ಪಾಳಿಯೆಂದರೆ 480 ನಿಮಿಷ. ಆರು ರೋಗಿಗಳಾದರೆ ಒಬ್ಬೊಬ್ಬನಿಗೆ 80 ನಿಮಿಷ ಸಿಕ್ಕುವದು. ಅದೇ ದಾದಿಗೆ 30 ರೋಗಿಗಳನ್ನು ಒಪ್ಪಿಸಿದರೆ 16 ನಿಮಿಷ. ಅದರಲ್ಲಿಯೇ ಔಷಧ, ಸೂಜಿ, ಕಟ್ಟು, ಜ್ವರದ ಪಟ್ಟಿ, ಡಾಕ್ಟರರ ಸಂಗಡ ಸುತ್ತು, ಬರೆಯುವದು, ಸಂಬಂಧಿಕರಿಗೆ ಉತ್ತರ. ಊಟದ ಮಾತು ಬಿಡಿರಿ. ವಿದ್ಯಾನಗರದ ಸರಕಾರೀ ದೊಡ್ಡ ದವಾಖಾನೆಗೆ, ಹೆಸರು ಬದಲಾದರೂ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸ್ಥಳಕ್ಕೆ, ನಿಮ್ಮಲ್ಲಿ ಹೋಗದವರು ಯಾರು? 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಅದಕ್ಕೆ ಧಾರವಾಡ ಜಿಲ್ಲೆಯಿಂದ ಮಾತ್ರವಲ್ಲ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಘಟ್ಟದ ಕೆಳಗಿನ ಕಾರವಾರದ ಕಡೆಯಿಂದಲೂ ಜನರು ಬರುವರು. ಇಂಥ ದೊಡ್ಡ ದವಾಖಾನೆಗಳಲ್ಲಿ ಬಂದವರನ್ನು ಇಲ್ಲವೆನ್ನದೆ ತೆಗೆದುಕೊಳ್ಳಬೇಕು. ಹಾಸಿಗೆ ತುಂಬಿದರೆ ಚಾಪೆ ಹಾಸಬೇಕು. ಚಾಪೆಯ ಮೇಲಿನ ರೋಗಿಯೂ ಅದೇ ದಾದಿಯ ಲೆಕ್ಕಕ್ಕೆ ಬರುವನು.

ಆದರೆ ದುಡಿಯುವವರೂ ಕೇಳಬೇಕಾದ ಮಾತುಗಳಿವೆ. ಅದಕ್ಕಾಗಿ ನಮ್ಮ ಊರಿನ ಹಳೇ ಕಥೆಯೊಂದನ್ನು ಎತ್ತುವೆನು. 1897ರ ಕೊನೆಗೆ ಹುಬ್ಬಳ್ಳಿಗೆ ಪ್ಲೇಗು ಬಂತು. ಅದೇ ವರುಷದ ಆರಂಭದಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ಪಂಡಿತನು ಪ್ಲೇಗಿಗೆ ಲಸಿಕೆ ಕಂಡುಹಿಡಿದು ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. 1898ರಲ್ಲಿ ಡಾಕ್ಟರ್ ಲ್ಯೂಮನ್ನನ ಕೈಕೆಳಗೆ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಈ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದದ್ದನ್ನು ಕಂಡು ಲೋಕವೆಲ್ಲಾ ಹುಬ್ಬಳ್ಳಿಯ ಹೆಸರನ್ನು ಕೇಳಿತು. ನಾಲ್ಕು ವರುಷಗಳ ತರುವಾಯ, 1902ರ ಅಕ್ಟೋಬರ 30ರಂದು, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅದೇ ಲಸಿಕೆಯನ್ನು ಚುಚ್ಚುತ್ತಿದ್ದರು. ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಜನರೂ ಧನುರ್ವಾಯುವಿನಿಂದ ಸತ್ತರು. ಬೇರೆ ಸೀಸೆಗಳವರಿಗೆ ಏನೂ ಆಗಲಿಲ್ಲ. ತಪ್ಪು ಲಸಿಕೆ ಮಾಡಿದವನದೇ ಎಂದು ಹಾಫ್ಕಿನನ ಮೇಲೆ ದೋಷ ಬಂತು; ಅವನು ತನ್ನ ಕೆಲಸವನ್ನು ಕಳಕೊಂಡನು. ವಿಚಾರಣೆಯ ಕಾಗದಗಳಲ್ಲಿ ಒಂದು ಸಣ್ಣ ಸಂಗತಿ ಇತ್ತು. ಆ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟವು ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಸರಿಯಾಗಿ ಶುದ್ಧಿಮಾಡದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಅದರಿಂದಲೇ ಬಿರಡೆ ತೆಗೆದಿದ್ದನು. ವಿಷವು ಸೀಸೆ ತೆರೆಯುವಾಗಲೇ ಸೇರಿರಬೇಕೆಂದು ರೊನಾಲ್ಡ್ ರಾಸ್ ಮೊದಲಾದ ಪಂಡಿತರು ವಾದಿಸಿ, 1907ರಲ್ಲಿ ಹಾಫ್ಕಿನನ ಹೆಸರನ್ನು ತೊಳೆದರು.

ಆ ಸಹಾಯಕನು ದುಷ್ಟನಾಗಿದ್ದನೆಂದು ಯಾರೂ ಹೇಳಿಲ್ಲ. ಸಾಲು ಉದ್ದವಾಗಿತ್ತು, ಅವಸರವಿತ್ತು, ಚಿಮುಟ ಬಿತ್ತು. ನೆಲಕ್ಕೆ ಬಿದ್ದದ್ದನ್ನು ಬದಿಗಿಟ್ಟು ಇನ್ನೊಂದನ್ನು ಕುದಿಸಿ ತರುವದಕ್ಕೆ ಎಷ್ಟು ಹೊತ್ತು? ಆದರೂ ಆ ಹೊತ್ತು ಅವನಿಗೆ ಸಿಕ್ಕಲಿಲ್ಲ, ಅಥವಾ ಅವನು ತಕ್ಕೊಳ್ಳಲಿಲ್ಲ. ಪ್ರಿಯ ಸಹೋದರಿಯರೇ, ಸಹೋದರರೇ, ನಿಮ್ಮ ಕೆಲಸದಲ್ಲಿ ಪ್ರತಿದಿನವೂ ಇಂಥ ಚಿಮುಟ ಬೀಳುವದು. ಒಂದೇ ಹೆಸರಿನ ಇಬ್ಬರು ರೋಗಿಗಳು ಅಕ್ಕಪಕ್ಕದಲ್ಲಿರುವಾಗ ರಕ್ತದ ಚೀಲದ ಮೇಲಿನ ಚೀಟಿಯನ್ನು ಎರಡನೆಯ ಸಲ ಓದುವದು. ನೋಡದ ನಾಡಿಯನ್ನು ನೋಡಿದೆನೆಂದು ಪಟ್ಟಿಯಲ್ಲಿ ತುಂಬದಿರುವದು. ಡಾಕ್ಟರರು ಫೋನಿನಲ್ಲಿ ಹೇಳಿದ ಔಷಧದ ಪ್ರಮಾಣವು ಹೆಚ್ಚೆನಿಸಿದರೆ ಅಂಜದೆ ತಿರುಗಿ ಕೇಳುವದು. ಕೊಟ್ಟ ಔಷಧ ತಪ್ಪಿದ್ದರೆ ಆ ಗಳಿಗೆಯಲ್ಲಿಯೇ ಹೇಳುವದು. ತಪ್ಪನ್ನು ಮುಚ್ಚಿಟ್ಟ ಒಂದು ತಾಸಿನಲ್ಲಿ ಉಳಿಯತಕ್ಕ ಜೀವ ಹೋಗಬಹುದು. ಹೇಳಿದವಳನ್ನು ಎಲ್ಲರೆದುರು ಬೈದು ಅವಮಾನ ಮಾಡುವ ಮೇಲಧಿಕಾರಿಯು ಮುಂದಿನ ತಪ್ಪನ್ನು ಮುಚ್ಚಿಡುವದಕ್ಕೆ ತಾನೇ ಕಲಿಸಿಕೊಟ್ಟವನಾಗುವನು ಎಂಬದನ್ನೂ ಇಲ್ಲಿಯೇ ಹೇಳಿಬಿಡುವೆನು.

ಬಲವಂತದ ಅಪ್ಪಣೆ ಬಂದಾಗ ಏನು ಮಾಡಬೇಕು? ವಿಮೋಚನಕಾಂಡದ ಮೊದಲನೆಯ ಅಧ್ಯಾಯದಲ್ಲಿ ಇಬ್ಬರು ಸೂಲಗಿತ್ತಿಯರಿದ್ದಾರೆ, ಶಿಪ್ರಾ ಮತ್ತು ಪೂಗಾ. ಗಂಡು ಕೂಸುಗಳನ್ನು ಹೆರಿಗೆಯ ಸಮಯದಲ್ಲಿಯೇ ಕೊಲ್ಲಬೇಕೆಂದು ಅರಸನು ಅವರಿಗೆ ಆಜ್ಞೆಮಾಡಿದನು, ಅವರು ಮಾಡಲಿಲ್ಲ. ವಿಚಿತ್ರವೇನೆಂದರೆ, ಆ ಅಧ್ಯಾಯದಲ್ಲಿ ಐಗುಪ್ತದ ಅರಸನ ಹೆಸರಿಲ್ಲ, ಸೂಲಗಿತ್ತಿಯರ ಹೆಸರುಗಳಿವೆ. ನಮ್ಮ ನಾಡಿನಲ್ಲಿ ಅದೇ ಪಾಪವು ತಲೆಕೆಳಗಾಗಿ ನಡೆಯುತ್ತದೆ. 2023ರ ಕೊನೆಯ ತಿಂಗಳುಗಳಲ್ಲಿ, ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ ಗುಟ್ಟಾಗಿ ಯಂತ್ರವಿಟ್ಟು ಗರ್ಭದಲ್ಲಿರುವದು ಹೆಣ್ಣೋ ಗಂಡೋ ಎಂದು ನೋಡಿ, ಹೆಣ್ಣಾದರೆ ತೆಗೆಸುತ್ತಿದ್ದ ಜಾಲವೊಂದನ್ನು ಹಿಡಿದೆವೆಂದು ಬೆಂಗಳೂರಿನ ಪೊಲೀಸರು ಹೇಳಿದರು. ಹಿಡಿಯಲ್ಪಟ್ಟವರಲ್ಲಿ ಡಾಕ್ಟರರ ಸಂಗಡ ಪ್ರಯೋಗಾಲಯದ ತಂತ್ರಜ್ಞನೂ ದಾದಿಯೂ ಇದ್ದರು. ಭ್ರೂಣದ ಲಿಂಗವನ್ನು ಹೇಳಬಾರದೆಂಬ ಕಾನೂನು 1994ರಿಂದಲೂ ಇದೆ. ಯಜಮಾನನು ಹೇಳಿದನು, ನಾನು ಮಾಡಿದೆನು ಎಂಬ ಉತ್ತರವು ಫರೋಹನ ಕಾಲದಲ್ಲಿಯೂ ಸಲ್ಲಲಿಲ್ಲ.

ಈ ಎರಡು ಸಂಗತಿಗಳೂ, ಅಂದರೆ ದುಡಿಯುವವಳಿಗೆ ಸಲ್ಲತಕ್ಕದ್ದೂ ಅವಳು ಸಲ್ಲಿಸತಕ್ಕದ್ದೂ, ಒಬ್ಬಳ ಬಾಳಿನಲ್ಲಿ ಕೂಡಿಬಂದ ಚರಿತ್ರೆಯೊಂದುಂಟು. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ ಅರುಣಾ ಶಾನಭಾಗ, ಮುಂಬಯಿಯ ಕೆ.ಇ.ಎಂ. ದವಾಖಾನೆಯಲ್ಲಿ ದಾದಿಯಾಗಿದ್ದಳು. 1973ರ ನವೆಂಬರ 27ರಂದು, ಕೆಲಸ ಮುಗಿಸಿ ದವಾಖಾನೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿರುವಾಗ, ಅಲ್ಲಿಯ ಕಸಗುಡಿಸುವವನೊಬ್ಬನು ನಾಯಿಯ ಸರಪಳಿಯಿಂದ ಅವಳ ಕೊರಳು ಬಿಗಿದು ಅತ್ಯಾಚಾರಮಾಡಿದನು. ಮಿದುಳಿಗೆ ಉಸಿರು ನಿಂತುಹೋದ ಆ ಇಪ್ಪತ್ತೈದು ವರುಷದವಳು ಮತ್ತೆ ಎಂದೂ ಮೊದಲಿನಂತೆ ಏಳಲಿಲ್ಲ. ದಾದಿಯರಿಗೆ ಬಟ್ಟೆ ಬದಲಾಯಿಸಲು ಬಾಗಿಲು ಭದ್ರವಾದ ಒಂದು ಕೋಣೆ ಬೇಕೆಂಬದು ದೊಡ್ಡ ಬೇಡಿಕೆಯೇ? ಮುಂಬಯಿಯ ದಾದಿಯರು ಅವಳಿಗಾಗಿಯೂ ತಮ್ಮ ಭದ್ರತೆಗಾಗಿಯೂ ಕೆಲಸ ನಿಲ್ಲಿಸಿ ಕೂಗಬೇಕಾಯಿತು.

ಕೂಗಿದ ಅದೇ ದಾದಿಯರು ತರುವಾಯ ಏನು ಮಾಡಿದರೆಂದು ಕೇಳಿರಿ. 2015ರ ಮೇ 18ರಂದು ಅವಳು ತೀರಿಕೊಳ್ಳುವ ವರೆಗೆ, 41 ವರುಷಕ್ಕೂ ಮಿಕ್ಕಿ, ಅವಳನ್ನು ಅದೇ ದವಾಖಾನೆಯಲ್ಲಿ ನೋಡಿಕೊಂಡರು. ಅವಳ ಸಂಗಡ ಕೆಲಸಮಾಡಿದವರು ನಿವೃತ್ತರಾಗಿ ಹೋದರು. ಅವಳು ಬಿದ್ದಾಗ ಹುಟ್ಟಿಯೇ ಇರದ ಹುಡುಗಿಯರು ಬಂದು ಆ ಪಾಳಿಯನ್ನು ವಹಿಸಿಕೊಂಡರು. ಅವಳನ್ನು ಬೇರೆ ಕಡೆಗೆ ಸಾಗಿಸುವ ಯತ್ನ ನಡೆದಾಗ ಅಡ್ಡ ನಿಂತರು. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಹುಣ್ಣಾಗುವದೆಂದು ನಿಮ್ಮ ಮನೆಗಳಲ್ಲಿ ಮುದುಕರನ್ನು ನೋಡಿಕೊಂಡವರಿಗೆ ಗೊತ್ತು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವದೇ ಅದಕ್ಕೆ ತಡೆ. ಅರುಣಳಿಗೆ ಅಂಥ ಹುಣ್ಣಾಗಗೊಡಲಿಲ್ಲ. ಎರಡು ತಾಸಿಗೊಮ್ಮೆ ಎಂದು ಲೆಕ್ಕ ಹಿಡಿದರೆ ಅಷ್ಟು ವರುಷಗಳಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಸಲವಾಯಿತು. ಅವಳು ದೂರು ಹೇಳಬಲ್ಲವಳಲ್ಲ, ಹೊಗಳಬಲ್ಲವಳೂ ಅಲ್ಲ. ಅವಳಿಗೆ ಮರಣ ಕೊಡಿಸಬೇಕೆಂದು ಬಂದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ತೀರ್ಪುಕೊಟ್ಟ ಸುಪ್ರೀಂ ಕೋರ್ಟು, ಅರ್ಜಿಯನ್ನು ಒಪ್ಪದೆ, ಆ ದಾದಿಯರನ್ನೂ ಸಿಬ್ಬಂದಿಯನ್ನೂ ಮನಸಾರೆ ಹೊಗಳಿತು. ಹಕ್ಕು ಕೇಳುವವರು ಕೆಲಸಗಳ್ಳರೆಂದು ಹೇಳುವ ಯಜಮಾನರ ಮುಂದೆ ನಾನು ಈ ಚರಿತ್ರೆಯನ್ನೇ ಇಡುವೆನು. ಕೂಗಿದವರೂ ಅವರೇ, ಮಗ್ಗಲು ಬದಲಿಸಿದವರೂ ಅವರೇ. 2024ರ ಆಗಸ್ಟಿನಲ್ಲಿ ಕೋಲ್ಕತ್ತೆಯ ದವಾಖಾನೆಯೊಂದರಲ್ಲಿ ತರುಣ ವೈದ್ಯೆಯನ್ನು ಕೊಂದ ಸಂಗತಿ ಬಂದಾಗ ಅದೇ ಕೋರ್ಟಿನಲ್ಲಿ ಅರುಣಳ ಹೆಸರು ತಿರುಗಿ ಹೇಳಲ್ಪಟ್ಟಿತು. ಐವತ್ತು ವರುಷಗಳ ತರುವಾಯವೂ ಅದನ್ನು ಹೇಳಬೇಕಾಯಿತಲ್ಲಾ ಎಂಬದು ನಮ್ಮೆಲ್ಲರಿಗೂ ನಾಚಿಕೆ.

ಇನ್ನು ಸಭೆಯವರಿಗೆ. ನಾವು ಯಜಮಾನರಲ್ಲ, ದವಾಖಾನೆ ನಡಿಸುವವರಲ್ಲ, ನಮಗೇನು ಎಂದು ಹೇಳಬೇಡಿರಿ. ಒಬ್ಬ ರೋಗಿಯ ಸಂಗಡ ಹದಿನೈದು ಜನರು ವಾರ್ಡಿಗೆ ನುಗ್ಗಿ, ಹೊರಗೆ ಹೋಗಿರೆಂದವಳ ಮೇಲೆ ಕೂಗಾಡುವವರು ನಾವೇ. ರೋಗಿ ತೀರಿಕೊಂಡರೆ ಕೈಗೆ ಸಿಕ್ಕಿದ ದಾದಿಯ ಮೇಲೆ ಕೈಮಾಡುವವರೂ ನಮ್ಮ ಊರಿನವರೇ. ಅದನ್ನು ತಡೆಯುವದಕ್ಕೆ ನಮ್ಮ ರಾಜ್ಯವು 2009ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ನಮ್ಮ ಸಭೆಯವಳು ಅಲ್ಲಿದ್ದಾಳೆಂದು ಸಾಲು ಬಿಟ್ಟು ಮುಂದೆ ಹೋಗುವವರು, ಅವಳ ಕೈಯಿಂದ ದವಾಖಾನೆಯ ಔಷಧವನ್ನು ಮನೆಗೆ ತರಿಸುವವರು, ಸ್ಟ್ರೆಚರು ತಳ್ಳುವವನ ಕೈಯಲ್ಲಿ ಚಹಾ-ಪಾನಿಗೆಂದು ನೋಟು ತುರುಕಿ ಅವನನ್ನು ಕೆಡಿಸಿ ಆಮೇಲೆ ಎಲ್ಲರೂ ಲಂಚಕೋರರೆಂದು ಗೊಣಗುವವರು, ಇವರೂ ನಮ್ಮವರೇ. ಮಗಳು ನರ್ಸಿಂಗ್ ಕಲಿಯುವಾಗ ಹೆಮ್ಮೆ, ಸೊಸೆಯನ್ನು ಹುಡುಕುವಾಗ ರಾತ್ರಿ ಪಾಳಿಯ ಹುಡುಗಿ ಬೇಡ. ಇದು ಯಾವ ನ್ಯಾಯ? ಎರಡು ಕಲ್ಲಿನ ತಕ್ಕಡಿಯನ್ನು ದೇವರು ಹೇಸುತ್ತಾನೆಂದು ಜ್ಞಾನೋಕ್ತಿಗಳಲ್ಲಿದೆ.

ಮಗಳನ್ನು ಖಾಸಗಿ ದವಾಖಾನೆಗೆ ಸೇರಿಸುವ ತಂದೆತಾಯಿಗಳೇ, ಕರಾರಿಗೆ ಸಹಿ ಹಾಕುವ ಮುಂಚೆ ಓದಬಲ್ಲವರಿಂದ ಓದಿಸಿರಿ. ಮೂಲ ಸರ್ಟಿಫಿಕೇಟನ್ನು ತೋರಿಸಿ ನಕಲು ಕೊಡಿರಿ, ಮೂಲವನ್ನು ಬಿಟ್ಟು ಬರಬೇಡಿರಿ. ಸೂಜಿ ಕೈಗೆ ಚುಚ್ಚಿದರೆ ರಕ್ತದ ಮೂಲಕ ಕಾಮಾಲೆ ಹತ್ತುವ ಭಯವಿದೆ. ಹೆಪಟೈಟಿಸ್-ಬಿ ಲಸಿಕೆಯ ಮೂರೂ ಸಲದ ಚುಚ್ಚುಮದ್ದನ್ನು ಅವಳಿಗೆ ಹಾಕಿಸಿದ್ದಾರೋ ಎಂದು ಕೇಳಿರಿ. ರಾತ್ರಿ ಮನೆಗೆ ಅಥವಾ ವಸತಿಗೆ ಮುಟ್ಟಿಸುವ ಗಾಡಿ ಇದೆಯೋ ಎಂದು ಕೇಳಿರಿ. ಕೇಳುವದರಲ್ಲಿ ಅಗೌರವವಿಲ್ಲ.

ಉಪದೇಶಿಗಳಿಗೂ ಸಭೆಯ ಹಿರಿಯರಿಗೂ ಒಂದು ಬಿನ್ನಹ. ಎಲೀಯನು ಜೀವ ಬೇಸತ್ತು ಜಾಲೀಗಿಡದ ಕೆಳಗೆ ಬಿದ್ದಾಗ ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ತಿರುಗಿ ಮಲಗಗೊಟ್ಟನು, ಆಮೇಲೆ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದನು. ಶನಿವಾರ ರಾತ್ರಿಯ ಪಾಳಿ ಮುಗಿಸಿ ಆದಿತ್ಯವಾರ ಬೆಳಿಗ್ಗೆ ಎಂಟು ಗಂಟೆಗೆ ಕಣ್ಣು ಕೆಂಪಾಗಿ ಬಂದವಳನ್ನು, ಒಂಬತ್ತೂವರೆಯ ಆರಾಧನೆಗೆ ಯಾಕೆ ಬರಲಿಲ್ಲವೆಂದು ಮುಂದಿನ ವಾರ ಬಾಗಿಲಲ್ಲಿ ನಿಲ್ಲಿಸಿ ಕೇಳಬೇಡಿರಿ. ಅಂಥವರು ನಾಲ್ಕು ಜನರಿದ್ದ ಸಭೆಯಲ್ಲಿ ಸಂಜೆ ಐದಕ್ಕೆ ಚಿಕ್ಕದೊಂದು ಪ್ರಾರ್ಥನೆ ಇಟ್ಟರೆ, ದೀಪ ಹಚ್ಚುವ ಹೊತ್ತಿಗೆ ಅವರು ಮುಂದಿನ ಪಾಳಿಗೆ ಹೊರಡುವದಕ್ಕೆ ಸಮಯ ಉಳಿಯುವದು.